ಮೂಲಾ ನಕ್ಷತ್ರದ ಒರಳುಕಲ್ಲು

ನಮ್ಮೂರಲ್ಲಿ ಕಲ್ಲಿಗೆ ಸ್ವಂತದ ತೂಕ ಅಂತ ಇಲ್ಲ. ನಾವು ಕೆತ್ತುವ ಒರಳುಕಲ್ಲುಗಳೆಲ್ಲ ಹೋಗುವುದು ಬ್ರಿಟನ್ನಿಗೆ. ಅಲ್ಲಿಯ ಬಂದರಿನಲ್ಲಿ ಅವುಗಳ ಮೇಲೆ ಎಷ್ಟು ಸುಂಕ ಬೀಳುತ್ತದೋ ಅಷ್ಟೇ ಇಲ್ಲಿ ಅವುಗಳ ಭಾರ. ಸುಂಕ ಏರಿತೋ, ನಿನ್ನೆ ಇಬ್ಬರು ಎತ್ತುತ್ತಿದ್ದ ಒರಳಿಗೆ ಇವತ್ತು ಬೀದಿಯ ಗಂಡಸರೆಲ್ಲ ಬರಬೇಕು. ಇಳಿಯಿತೋ, ಮುದುಕಿಯೊಬ್ಬಳು ಸೊಂಟದ ಮೇಲೆ ಒರಳಿಟ್ಟುಕೊಂಡು ಕೊಡದಂತೆ ನಡೆದುಹೋಗುತ್ತಾಳೆ. ಆ ದೇಶದ ಹಣಕಾಸು ಮಂತ್ರಿ ಕೆಂಪು ಪೆಟ್ಟಿಗೆ ಎತ್ತಿ ತೋರಿಸುವ ಬಜೆಟ್ಟಿನ ದಿನ ನಮ್ಮವರು ಯಾರೂ ಕಲ್ಲಿನ ಹತ್ತಿರ ಕಾಲಿಡುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸುವ ಮೊದಲು ಕಲಿಸುವುದೇ ಅದನ್ನು. ವ್ಯಾಪಾರದ ಮಾತುಕತೆ ಮುರಿದುಬಿತ್ತು ಎಂದು ಒಮ್ಮೆ ಸುದ್ದಿ ಬಂದಾಗ, ಸಂತೆ ಬೀದಿಯಲ್ಲಿ ಒರಳು ಹೇರಿಕೊಂಡು ನಿಂತಿದ್ದ ಲಾರಿಯ ಟೈರುಗಳೆಲ್ಲ ಒಟ್ಟಿಗೇ ಢಂ ಎಂದಿದ್ದವು. ಅದಕ್ಕೇ ನಮಗೆ ಪೇಪರು ಬೇಕಾಗುವುದಿಲ್ಲ. ಬೆಳಿಗ್ಗೆ ಎದ್ದು ಅಂಗಳದ ಒರಳನ್ನು ಒಂದಿಷ್ಟು ಅಲ್ಲಾಡಿಸಿ ನೋಡುತ್ತೇವೆ, ಲಂಡನ್ನಿನಲ್ಲಿ ಏನಾಯಿತೆಂದು ಗೊತ್ತಾಗುತ್ತದೆ.

ನನ್ನ ಹೆಸರು ನಾಗಲಾಂಬಿಕೆ. ಬಿ.ಎ. ಮುಗಿಸಿ ಕಲ್ಲು ಸಂಘದ ಕಚೇರಿಯಲ್ಲಿ ಬ್ರಿಟನ್ನಿನ ಅಂಗಡಿಯವರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಕೆಲಸ ಮಾಡುತ್ತೇನೆ. ಬರೆ ಅಂದರೆ ಎಷ್ಟು ಬೇಕಾದರೂ ಬರೆದೇನು. ಬಾಯಿ ಬಿಡು ಅಂದರೆ ಮಾತು ಗಂಟಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ. ದಿನಚರಿಯ ಪುಟಗಳಲ್ಲಿ ‘ವಲ್ಲೆ’ ಎಂದು ಬರೆದಿದ್ದಕ್ಕೆ ಲೆಕ್ಕವಿಲ್ಲ. ಆ ಸೀರೆ ವಲ್ಲೆ, ಆ ಕೋರ್ಸು ವಲ್ಲೆ, ಇನ್ನೊಂದು ಹೋಳಿಗೆ ವಲ್ಲೆ. ಒಂದನ್ನೂ ಯಾರ ಮುಖ ನೋಡಿಯೂ ಅಂದವಳಲ್ಲ. ಸೀರೆ ಉಟ್ಟಿದ್ದೇನೆ, ಕೋರ್ಸು ಓದಿದ್ದೇನೆ, ಹೋಳಿಗೆ ತಿಂದು ಹೊಟ್ಟೆನೋವು ಬರಿಸಿಕೊಂಡಿದ್ದೇನೆ.

ಇದಕ್ಕಿಂತ ದೊಡ್ಡ ತಾಪತ್ರಯ ನನ್ನ ನಕ್ಷತ್ರದ್ದು. ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಸೊಸೆ ಹೊಸಿಲು ದಾಟಿದರೆ ಮಾವನ ಪ್ರಾಣಕ್ಕೆ ಸಂಚಕಾರ ಎಂದು ನಮ್ಮ ಕಡೆ ನಂಬುತ್ತಾರೆ. ಊರಿಗೆಲ್ಲ ಇದ್ದವಳು ನಾನೊಬ್ಬಳೇ ಮೂಲದವಳು. ಹೀಗಾಗಿ ನಮ್ಮವ್ವ ಮಾವನಿಲ್ಲದ ಮನೆಯನ್ನೇ ಹುಡುಕಬೇಕಾಗಿತ್ತು. ಯಾರ ಮನೆಯ ಯಜಮಾನರಾದರೂ ನಾಲ್ಕು ದಿನ ಬಿಡದೆ ಕೆಮ್ಮಿದರೆ ಸಾಕು, ಸಂಬಂಧ ಹಚ್ಚುವ ಸಣ್ಣೀರಮ್ಮ ನಮ್ಮ ಮನೆಗೆ ಬಂದು ಅವ್ವನ ಕಿವಿಯಲ್ಲಿ, “ತಡಕೋ, ಒಂದು ಕಡೆ ಆಸೆ ಐತೆ” ಅನ್ನುತ್ತಿದ್ದಳು. ಆಮೇಲೆ ಆ ಯಜಮಾನರು ಕಷಾಯ ಕುಡಿದು ಹುಷಾರಾಗಿ ಬಿಡುತ್ತಿದ್ದರು. ಸಣ್ಣೀರಮ್ಮ ಬೇಜಾರಿನಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪನವರ ಮಗ ಓಂಕಾರನಿಗೆ ನನ್ನನ್ನು ಕೇಳಿ ನೋಡೋಣವೆಂದು ಹೋದಾಗ ಅವರು ಜಾತಕವನ್ನು ಕೈಯಿಂದ ಮುಟ್ಟಲೂ ಇಲ್ಲ, ಪೆನ್ನಿನ ತುದಿಯಿಂದ ಮೆಲ್ಲಗೆ ಆಚೆ ದೂಡಿದ್ದರು.

ಅಂಥ ತಿಪ್ಪೇರುದ್ರಪ್ಪನವರು ಒಂದು ಮಧ್ಯಾಹ್ನ ಊರ ಜನರನ್ನೆಲ್ಲ ಸಂಘದ ಅಂಗಳಕ್ಕೆ ಕರೆಸಿ ಮೈಕಿನ ಮುಂದೆ ನಿಂತರು. ವರ್ಷಗಟ್ಟಲೆ ಎಳೆದಾಡುತ್ತಿದ್ದ ಒಪ್ಪಂದಕ್ಕೆ ಕಡೆಗೂ ಎರಡೂ ಕಡೆಯವರ ಸಹಿ ಬಿದ್ದಿತ್ತು. ಅದರ ಇಂಗ್ಲಿಷು ಪ್ರತಿಯನ್ನು ನನ್ನ ಕೈಗೆ ಕೊಡುವ ಬದಲು ಅವರು ತಮ್ಮ ಮೊಬೈಲಿಗೇ ಕನ್ನಡ ಮಾಡಲು ಹೇಳಿದ್ದರು. ಮೊಬೈಲು ಕೊಟ್ಟಿದ್ದನ್ನು ಹಾಗೇ ಓದಿದರು: “ನಾಳೆ ಬೆಳಗಿನಿಂದ, ಮೂಲ ಸಾಬೀತಾದರೆ ಸುಂಕ ಸೊನ್ನೆ. ಮೂಲ ಇಲ್ಲದಿದ್ದರೆ ಹಳೇ ಸುಂಕ.”

ಅಂಗಳದ ತುಂಬ ಗುಸುಗುಸು ಎದ್ದಿತು. ಆಮೇಲೆ ಹಿಂದಿನ ಸಾಲಿನಿಂದ ಕಿರಾಣಿ ಅಂಗಡಿಯ ಸಿದ್ಧಲಿಂಗಣ್ಣ ಎದ್ದು ನಿಂತ. “ಅಧ್ಯಕ್ಷರೇ, ನನಗೆ ಮೂಲ ಐತೆ. ಬೇಕಾದಷ್ಟು ವರ್ಷ ಆತು. ಕುಂತ್ಕಳಾಕೂ ಆಗಲ್ಲ. ಡಾಕ್ಟ್ರ ಚೀಟಿ ತಂದ್ರೆ ಸಾಬೀತು ಆಗ್ತೈತಾ?”

“ಲೇ, ಅದು ಮೂಲವ್ಯಾಧಿ ಕಣೋ! ಬ್ರಿಟನ್ ಸರ್ಕಾರಕ್ಕೆ ನಿನ್ನ ಅದನ್ನ ತೋರಿಸ್ತೀಯಾ? ಕುಂದ್ರು!”

“ಕುಂದ್ರಾಕೇ ಆಗಲ್ಲ ಅಂತ ಹೇಳ್ತಿದೀನಲ್ರೀ!”

ಜನ ಬಿದ್ದು ಬಿದ್ದು ನಕ್ಕರು. ನಗು ಇಳಿಯುವ ಹೊತ್ತಿಗೆ ಸಣ್ಣೀರಮ್ಮ ಬಾಯಿಂದ ಎಲೆಯಡಿಕೆ ಉಗಿದು ಬಂದು ಹೇಳಿದಳು, “ಮೂಲ ಅಂದ್ರೆ ಮೂಲಾ ನಕ್ಷತ್ರ. ಇನ್ಯಾವ್ದು ಇರ್ತೈತೆ? ನಮ್ಮ ಊರಲ್ಲಿ ಇರೋದೇ ಒಬ್ಬಳು.” ಊರಿನ ಮುಖವೆಲ್ಲ ಸೂರ್ಯಕಾಂತಿಯ ಹಾಗೆ ನನ್ನ ಕಡೆ ತಿರುಗಿತು.

ಅದು ಆ ಮೂಲಾ ಅಲ್ಲ, ಸರಕು ಯಾವ ಊರಿನದು ಅನ್ನುವ ಮೂಲ ಎಂದು ನನಗೆ ಗೊತ್ತಿತ್ತು. ಹೇಳಿಯೂ ಹೇಳಿದೆ. ಆದರೆ ನಾನು ಹೇಳಿದ್ದು ಪಕ್ಕದಲ್ಲಿದ್ದ ಕಂಬಕ್ಕೆ. ಕಂಬ ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಎಣ್ಣೆನೀರು ಹಾಕಿಸಿ, ಹೂ ಮುಡಿಸಿ, ಅಧ್ಯಕ್ಷರ ಅಂಗಳಕ್ಕೆ ಕರೆದೊಯ್ದರು. ಸಾಲಾಗಿಟ್ಟ ಒರಳುಗಳು ಸುಮ್ಮನೆ ಕೂತಿದ್ದವು. “ಮುಟ್ಟವ್ವ” ಎಂದರು. ಬೆರಳ ತುದಿ ತಾಗಿಸಿದೆ. ಒರಳು ನಿದ್ದೆಯಿಂದ ಎದ್ದಂತೆ ಒಮ್ಮೆ ಮಿಸುಕಿ, ನೆಲ ಬಿಟ್ಟು, ಮೊಣಕಾಲಿನ ಎತ್ತರ, ಎದೆಯ ಎತ್ತರ, ಮಾಡಿನ ಎತ್ತರ ಹೋಗಿ, ಹೊಗೆಗೂಡಿನ ಪಕ್ಕ ಹಾಯಾಗಿ ತೇಲತೊಡಗಿತು. ಓಂಕಾರ ಓಡಿಬಂದು ನಾನು ಆಗಲೇ ಮುಟ್ಟಿದ್ದ ಇನ್ನೊಂದನ್ನು ಹಿಡಿದಿಡಲು ಅದಕ್ಕೆ ಜೋತುಬಿದ್ದ. ಅದು ಅವನನ್ನೂ ಎತ್ತಿಕೊಂಡು ಹೋಗಿ ಸೂರಿನ ಮೇಲೆ ಕೂರಿಸಿತು. ಸೊನ್ನೆ ಸುಂಕದ ಕಲ್ಲಿಗೆ ಯಾರಾದರೂ ಒಮ್ಮೆ ಕೈ ತಾಗಿಸಿದರೆ ಸಾಕು, ಮೇಲೇಳುತ್ತದೆ. ಅವತ್ತು ಆ ಕೈ ನನ್ನದಾಗಿತ್ತು, ಅಷ್ಟೇ. ಆದರೆ ಇನ್ನು ಮುಂದೆ ಮೂಲದ ಕೈ ಬಿಟ್ಟು ಬೇರೆ ಯಾರೂ ಕಲ್ಲು ಮುಟ್ಟಕೂಡದು ಎಂದು ಸಂಘ ಅಲ್ಲಿಯೇ ಠರಾವು ಮಾಡಿದ್ದರಿಂದ ಅದನ್ನು ಪರೀಕ್ಷೆ ಮಾಡಿ ನೋಡುವವರೇ ಇಲ್ಲವಾದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಗಿರ್ರೆನ್ನುತ್ತದೆ. ಊರ ಮೇಲೆಲ್ಲ ಒರಳು. ಹಗ್ಗ ಕಟ್ಟಿ ಕಿಟಕಿಗೆ, ಬೇಲಿಗೆ, ಎಮ್ಮೆಯ ಕೊಂಬಿಗೆ ಬಿಗಿದಿದ್ದರು. ಎಮ್ಮೆ ಮುಂಗಾಲು ಎತ್ತಿ ಎತ್ತಿ ಹೆಜ್ಜೆ ಹಾಕುತ್ತಿತ್ತು. ಹೆಂಗಸರು ತೇಲುವ ಒರಳಿನಿಂದ ಒರಳಿಗೆ ಹಗ್ಗ ಎಳೆದು ಬಟ್ಟೆ ಒಣಹಾಕಿದರು. ಬಿಸಿಲಿಗೆ ನೆರಳು ಬೇಕಾದವರು ತಲೆಯ ಮೇಲೊಂದು ಒರಳು ತೇಲಿಸಿಕೊಂಡೇ ಬಸ್ ಸ್ಟ್ಯಾಂಡಿಗೆ ಹೋದರು. ಕಾಗೆಗಳು ಮೊದಮೊದಲು ಬೈದವು, ಆಮೇಲೆ ಒರಳಿನ ಗುಳಿಯಲ್ಲಿ ಗೂಡು ಕಟ್ಟಿದವು. ನನಗೆ ಮನೆಮನೆಯಿಂದ ಕರೆ. ಹೋದ ಕಡೆಯೆಲ್ಲ ಮಣೆ, ಅರಿಶಿನ ಕುಂಕುಮ, ಹೋಳಿಗೆ. ಎಷ್ಟೋ ಮನೆಗಳಲ್ಲಿ ನನ್ನನ್ನು ಕಂಡರೆ ಅಡುಗೆಮನೆಗೆ ಓಡುತ್ತಿದ್ದ ಮಾವಂದಿರು ಈಗ ಬಾಗಿಲ ತನಕ ಬಂದು, “ಆಯುಷ್ಯಕ್ಕೇನು, ಹೋದ್ರೆ ಹೋಗ್ಲಿ ಬಿಡವ್ವ” ಅನ್ನುತ್ತಿದ್ದರು. ನಾನು ನೆಲ ನೋಡುತ್ತ ನಗುತ್ತಿದ್ದೆ. ಸುಳ್ಳು ಯಾಕೆ, ಒಳಗೊಳಗೇ ಖುಷಿಯಾಗಿತ್ತು.

ಖುಷಿಗೆ ಕಲ್ಲು ಹಾಕಿದ್ದು ಗುಂಡು. ಒರಳನ್ನು ನಮ್ಮೂರಿನ ಬಂಡೆಯಿಂದಲೇ ಕೆತ್ತುತ್ತೇವೆ. ಅದರೊಳಗೆ ತಿರುಗುವ ಗುಂಡುಕಲ್ಲು ಮಾತ್ರ ನದಿಯ ಆಚೆಯ ಊರಿನಿಂದ ಬರುತ್ತದೆ. ನಾನು ಎಷ್ಟು ಮುಟ್ಟಿದರೂ ಗುಂಡು ಎದ್ದೇಳಲಿಲ್ಲ. ಬೆರಳು ತಾಗಿಸಿದೆ, ಅಂಗೈ ಇಟ್ಟೆ, ಕಡೆಗೆ ಅಧ್ಯಕ್ಷರು ಹೇಳಿದರೆಂದು ಕೆನ್ನೆಯನ್ನೂ ಒತ್ತಿದೆ. ಒರಳುಗಳೆಲ್ಲ ಮೇಲೆ, ಗುಂಡುಗಳೆಲ್ಲ ಕೆಳಗೆ. ಗುಂಡಿಲ್ಲದ ಒರಳನ್ನು ಯಾರು ಕೊಳ್ಳುತ್ತಾರೆ? ಅದರಲ್ಲೂ ನಮ್ಮ ದೊಡ್ಡ ಗಿರಾಕಿ, ಬ್ರಿಟನ್ನಿನ ಉತ್ತರದ ಕಡೆಯ ಅಂಗಡಿಯಾಕೆ ವಿನಿಫ್ರೆಡ್, ಸರಕು ನೋಡಲು ತಾನೇ ಬರುವವಳಿದ್ದಳು. ಊರವರ ಬಾಯಲ್ಲಿ ಆಕೆ ವಿನ್ನಮ್ಮ.

ಗುಂಡಿನ ಗುಟ್ಟನ್ನು ಒಡೆದವಳೂ ಸಣ್ಣೀರಮ್ಮನೇ. “ಒರಳು ಹೆಣ್ಣು, ಗುಂಡು ಗಂಡು. ಮದುವೆ ಆಗದ ಹುಡುಗಿ ಕೈಗೆ ಗಂಡುಕಲ್ಲು ಹೆಂಗೆ ಏಳ್ತೈತೆ? ನಾಚ್ಕೊಂತೈತೆ ಪಾಪ. ಇವಳ ಬೆರಳಿಗೆ ನಿಶ್ಚಿತಾರ್ಥದ ಉಂಗುರ ಬೀಳಲಿ, ಆಮ್ಯಾಲೆ ನೋಡ್ರಿ.”

ಯಾರ ಉಂಗುರ ಎಂಬ ಪ್ರಶ್ನೆಗೆ ಅಧ್ಯಕ್ಷರು ಬೇರೆಯವರಿಗೆ ಉಸಿರಾಡಲೂ ಬಿಡಲಿಲ್ಲ. ಅದೇ ಸಂಜೆ ತಟ್ಟೆ ತುಂಬ ಹಣ್ಣು ಹಿಡಿದು ನಮ್ಮ ಮನೆಗೆ ಬಂದರು. ತಲೆಗೆ ಹೆಲ್ಮೆಟ್ಟು ಹಾಕಿದ್ದರು. ಗಾಡಿ ಹೊರಗೆ ನಿಂತಿತ್ತು, ಹೆಲ್ಮೆಟ್ಟು ತೆಗೆಯಲೇ ಇಲ್ಲ. ಅವ್ವ ಚಾಪೆ ಹಾಸಿದಳು. ಅವರು ಮೊದಲು ಮೇಲೆ ನೋಡಿದರು, ತೊಲೆ ಗಟ್ಟಿಯಿದೆಯೇ ಎಂದು, ಫ್ಯಾನು ಆರಿಸಿದರು, ಗೋಡೆಯ ಮೇಲಿನ ಕ್ಯಾಲೆಂಡರನ್ನೂ ಮೊಳೆಯಿಂದ ತೆಗೆದು ಕೆಳಗಿಟ್ಟರು. ಆಮೇಲೆ ಕೂತು, “ನಮ್ಮ ಓಂಕಾರನಿಗೆ ನಿಮ್ಮ ಹುಡುಗೀನ ಕೊಡಬೇಕು” ಎಂದರು.

“ಅಲ್ಲ ಅಧ್ಯಕ್ಷರೇ, ಹ್ವಾದ ಸಲ ಜಾತಕ ಪೆನ್ನಿಂದ ನೂಕಿದ್ರಿ” ಎಂದಳು ಅವ್ವ.

“ಆವಾಗ ನನ್ನ ಪ್ರಾಣದ ವಿಷಯ ಇತ್ತವ್ವ. ಈಗ ಊರಿನ ವ್ಯಾಪಾರದ್ದು.” ಹೆಲ್ಮೆಟ್ಟಿನ ಗಾಜು ಎತ್ತಿ ನನ್ನ ಕಡೆ ನೋಡಿದರು. “ನಿನಗೆ ನನ್ನ ಮ್ಯಾಲೆ ಒಳಗೇನೂ ಸಿಟ್ಟಿಲ್ಲ ತಾನೇ, ಮಗಾ?”

ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೇ ತಿಳಿಯದು. ಅವರು ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡರು. ಹೊರಟಾಗ ಗಾಡಿ ಹತ್ತಲೂ ಹೆದರಿ, ಅದನ್ನು ಅಲ್ಲೇ ಬಿಟ್ಟು, ಬೀದಿಯ ನಟ್ಟನಡುವೆ, ಮರ, ಕಂಬ, ಮಾಡು ಯಾವುದೂ ತಮ್ಮ ಮೇಲೆ ಬೀಳದಷ್ಟು ದೂರದಲ್ಲಿ ನಡೆದುಹೋದರು.

ಅವರು ಹೋದ ಮೇಲೆ ಅವ್ವ ಹಣ್ಣಿನ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ನಮ್ಮವ್ವ ಒರಳು ಪಳಗಿಸುವವಳು. ಹೊಸ ಒರಳಿಗೆ ಹೊಸ ಗುಂಡು ಇಟ್ಟು, ನೀರು, ತೌಡು ಹಾಕಿ ತಿರುಗಿಸಿ ತಿರುಗಿಸಿ, ಗರಗರ ಅನ್ನುವುದು ನಿಂತು ಎರಡೂ ಒಂದಕ್ಕೊಂದು ಹೊಂದುವ ತನಕ ಅರೆಯುವುದು ಅವಳ ಮತ್ತು ಬೀದಿಯ ಹೆಂಗಸರ ಕೆಲಸ. ಕಲ್ಲು ಮುಟ್ಟಬಾರದೆಂಬ ಠರಾವಿನಿಂದ ಅವರೆಲ್ಲ ಕೈ ಕಟ್ಟಿ ಕೂತಿದ್ದರು. “ದೊಡ್ಡ ಮನೆ. ಅವರೇ ಕೇಳಿಕೊಂಡು ಬಂದವ್ರೆ” ಎಂದಳು. ಆಮೇಲೆ, “ನಿನಗೆ ಬ್ಯಾಡ ಅಂದ್ರೆ ಬ್ಯಾಡ ಅನ್ನು. ನಿನ್ನ ಬದಲಿಗೆ ನಾನು ಅನ್ನಾಕಿಲ್ಲ. ಅಂದ್ರೆ ಜೀವನ ಪೂರ್ತಿ ನಾನೇ ಅಂತಿರಬೇಕಾಗ್ತೈತೆ.”

ನನಗೆ ಬೇಡವಾಗಿತ್ತು. ಓಂಕಾರ ಕೆಟ್ಟವನೇನಲ್ಲ, ಸೂರಿನ ಮೇಲೆ ಕೂತಾಗ ಕೂಡ ಕೆಳಗಿದ್ದವರಿಗೆ ನಗುನಗುತ್ತ ಕೈಬೀಸುತ್ತಿದ್ದ. ಆದರೆ ಆ ಮನೆಗೆ ಬೇಕಾದದ್ದು ನಾನಲ್ಲ, ನನ್ನ ನಕ್ಷತ್ರ. ದಿನಾ ಬೆಳಿಗ್ಗೆ ಕಲ್ಲು ಮುಟ್ಟುವುದು, ದಿನಾ ಒಬ್ಬ ಮನುಷ್ಯ ನನ್ನ ಕಂಡು ಹೆಲ್ಮೆಟ್ಟು ಸರಿಮಾಡಿಕೊಳ್ಳುವುದು, ಇಡೀ ಆಯುಷ್ಯ. ಬೇಡ ಎನ್ನಲು ಬಾಯಿ ತೆರೆದೆ. “ಮಲಗ್ತೀನಿ ಅವ್ವ” ಎಂಬ ಮಾತು ಹೊರಬಂತು.

ನಿಶ್ಚಿತಾರ್ಥದ ದಿನವೇ ವಿನ್ನಮ್ಮ ಸಂಘದ ಅಂಗಳಕ್ಕೆ ಬಂದಿಳಿದಳು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು. ಕೆಂಪು ಮುಖ, ಮಣ್ಣಿನ ಬಣ್ಣದ ಬೂಟು. ತೇಲುವ ಒರಳುಗಳನ್ನು ಕಂಡು ಗಾಬರಿಯಾಗುತ್ತಾಳೆಂದು ನಾವೆಲ್ಲ ಕಾದಿದ್ದೆವು. ಆಕೆ ಟೋಪಿ ತೆಗೆದು, ಹಾಗೇ ಕತ್ತೆತ್ತಿ ನೋಡಿ, “ಕಡೆಗೂ ಸರ್ಕಾರದವರು ಒಂದು ಒಳ್ಳೇ ಕೆಲಸ ಮಾಡಿದರಪ್ಪ” ಎಂದಳು. ನಾನು ಪಕ್ಕದಲ್ಲಿ ಮೈಕಿನ ಮುಂದೆ ನಿಂತು ಆಕೆಯ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಬೇರೆಯವರ ಮಾತಾದರೆ ನನ್ನ ಗಂಟಲು ಚೆನ್ನಾಗಿಯೇ ತೆರೆದುಕೊಳ್ಳುತ್ತದೆ.

ಮಣೆಯ ಮೇಲೆ ಕೂತು ಆಕೆ ತನ್ನ ಕಷ್ಟ ಹೇಳಿಕೊಂಡಳು. ಕೆಲಸದವರ ಕನಿಷ್ಠ ಕೂಲಿ ಏರಿತಂತೆ. ಅವರ ವಿಮೆಗೆ ಮಾಲೀಕರು ಕಟ್ಟಬೇಕಾದ ಪಾಲೂ ಏರಿತಂತೆ. ಕರೆಂಟು ಬಿಲ್ಲು ನೋಡಿದರೆ ದೀಪ ಹಚ್ಚದೆಯೇ ಕಣ್ಣು ಕತ್ತಲೆ ಬರುತ್ತದಂತೆ. ಯುರೋಪಿಗೆ ಒಂದು ಒರಳು ಕಳಿಸಬೇಕೆಂದರೆ ಒರಳಿಗಿಂತ ಎತ್ತರದ ಕಾಗದ. ಅಮೆರಿಕದವರು ಬೆಳಿಗ್ಗೆ ಒಂದು ಸುಂಕ ಹೇಳಿದರೆ ಸಂಜೆ ಇನ್ನೊಂದು. “ನನಗೆ ಉಳಿದಿರುವ ಬಾಗಿಲು ಈ ಒಪ್ಪಂದ ಒಂದೇ. ಆದರೆ ಒರಳು, ಗುಂಡು ಬೇರೆ ಬೇರೆ ಕೊಟ್ಟರೆ ನನಗೆ ಬೇಡ. ಕೂಡಿದ ಜೋಡಿ ಬೇಕು. ಜೋಡಿ ತೇಲಬೇಕು.”

“ತೇಲ್ತಾವೆ ತೇಲ್ತಾವೆ! ಉಂಗುರ ಬೀಳ್ಲಿ, ತಾಯಿ” ಎಂದರು ಅಧ್ಯಕ್ಷರು. ಅಂಗಳದ ಮಧ್ಯೆ ಮದುವೆ ಮನೆಗೆ ಬಳಸುವಂಥ ದೊಡ್ಡ ಒರಳೊಂದನ್ನು ಹಗ್ಗದಿಂದ ಕಂಬಕ್ಕೆ ಬಿಗಿದು, ಅದರ ಗುಳಿಯಲ್ಲಿ ಭಾರದ ಹೊಸ ಗುಂಡು ಇಟ್ಟಿದ್ದರು. ಒರಳು ಏಳಲು ಹವಣಿಸುತ್ತಿತ್ತು, ಗುಂಡು ಅದನ್ನು ಒತ್ತಿ ಹಿಡಿದಿತ್ತು. ಉಂಗುರ ತೊಟ್ಟ ಕೈಯಿಂದ ನಾನು ಗುಂಡು ಮುಟ್ಟಬೇಕು. ಅದು ಆ ದಿನದ ಕಾರ್ಯಕ್ರಮ.

ವಿನ್ನಮ್ಮ ಹೋಗಿ ಗುಂಡನ್ನು ಹಿಡಿದು ಒಂದು ಸುತ್ತು ತಿರುಗಿಸಲು ನೋಡಿದಳು. ಗರ್ರೆಂದಿತು. ಅರ್ಧ ಸುತ್ತಿಗೆ ಕಚ್ಚಿಕೊಂಡು ನಿಂತಿತು. ಆಕೆ ಮುಖ ಕಿವುಚಿ, ಕೈಗಂಟಿದ ಮರಳು ಕೊಡವಿ, ನನ್ನ ಕಡೆ ತಿರುಗಿ, “ಇದು ಜೋಡಿಯಲ್ಲ. ಒರಳಿನಲ್ಲಿ ಕೂತಿರುವ ಬರೀ ಒಂದು ಹೊಳೆಗಲ್ಲು. ಇದನ್ನು ಯಾವ ಊರಿನ ಒರಳುಕಲ್ಲು ಎಂದು ಬರೆಯಲಿ?” ಎಂದಳು.

ನಾನು ಅದನ್ನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಯಾವ ಊರಿನದು ಎಂದು ಬರೆಯಲಿ! ಒಪ್ಪಂದದಲ್ಲಿ ಇದ್ದದ್ದೂ ಅದೇ. ಅಧ್ಯಕ್ಷರು ಓದಿ ಬದಿಗೆಸೆದ ಮೇಲೆ ಕಚೇರಿಯಲ್ಲಿ ಕೂತು ನಾನು ಆ ಇಂಗ್ಲಿಷು ಪುಟಗಳನ್ನು ಓದಿದ್ದೆ. ಬೇರೆ ಕಡೆಯಿಂದ ಬಂದ ಭಾಗವಿದ್ದರೆ ಏನು ಮಾಡಬೇಕೆಂದು ಅಲ್ಲಿ ಹೇಳಿತ್ತು: ಎಲ್ಲಿ ಆ ವಸ್ತು ಕೆಲಸಕ್ಕೆ ಬರುವ ರೂಪ ತಾಳಿತೋ ಅದೇ ಅದರ ಮೂಲ. ಹೊಳೆಗಲ್ಲು ನದಿಯಾಚೆಯದು, ಸರಿ. ಆದರೆ ಅದು ಗುಂಡು ಆಗುವುದು ಒರಳಿನಲ್ಲಿ ಪಳಗಿದ ಮೇಲೆ. ಪಳಗಿಸುವುದು ನಮ್ಮೂರಲ್ಲಿ, ನಮ್ಮವ್ವನ ಕೈಯಲ್ಲಿ. ಆ ಕೈಗಳನ್ನೇ ಠರಾವು ಹಾಕಿ ಕಟ್ಟಿಹಾಕಿದ್ದರಲ್ಲ!

ನನಗೆ ನಗು ಬಂತು. ಮೈಕಿನ ಮುಂದೆ, ಹೂ ಮುಡಿದುಕೊಂಡು, ಊರ ಎದುರಿಗೆ, ಕಿಸಕ್ಕೆಂದು ನಕ್ಕುಬಿಟ್ಟೆ. ಸಣ್ಣೀರಮ್ಮ ಗಾಬರಿಯಾಗಿ, “ಹುಡುಗಿಗೆ ಏನೋ ಮೆಟ್ಟಿಕೊಂಡೈತೆ” ಎಂದಳು. ಓಂಕಾರ ಉಂಗುರದ ಡಬ್ಬಿ ಹಿಡಿದು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಮಾಡುತ್ತಿದ್ದ.

ಮೈಕು ಬಿಟ್ಟು ಒರಳಿನ ಹತ್ತಿರ ಹೋಗಿ “ತೌಡು” ಎಂದೆ. ಯಾರಿಗೂ ಕೇಳಿಸಲಿಲ್ಲ. ಅವ್ವನಿಗೆ ಕೇಳಿಸಿತು. ಎದ್ದು ಹೋಗಿ ಪಕ್ಕದ ಎಮ್ಮೆಯ ಕೊಟ್ಟಿಗೆಯಿಂದ ಒಂದು ಮೊರ ತೌಡು, ಒಂದು ಬಿಂದಿಗೆ ನೀರು ತಂದು ನನ್ನ ಪಕ್ಕ ಇಟ್ಟಳು. ನಾನು ರೇಷ್ಮೆ ಸೀರೆಯ ಸೆರಗು ಬಿಗಿದು, ಒರಳಿಗೆ ನೀರು ಹೊಯ್ದು, ತೌಡು ಸುರಿದು, ಗುಂಡಿಗೆ ಎರಡೂ ಕೈ ಕೊಟ್ಟೆ.

“ಏಯ್ ಏಯ್! ಉಂಗುರ ಹಾಕ್ಕಂಡಿಲ್ಲ! ಮುಹೂರ್ತ ಬಂದಿಲ್ಲ! ಬಿಡು, ಬಿಡು!” ಅಧ್ಯಕ್ಷರು ಓಡಿಬಂದು ನನ್ನನ್ನು ಮುಟ್ಟಲು ಹೆದರಿ, ಒರಳನ್ನೇ ತಬ್ಬಿಕೊಂಡು ಅದು ಅಲುಗದಂತೆ ಹಿಡಿದರು. ನಾನು ತಿರುಗಿಸಿದೆ. ಗರಗರ, ಗರಗರ. ತೌಡಿನ ನೀರು ಅವರ ಇಸ್ತ್ರಿ ಅಂಗಿಯ ಮೇಲೆ ಚಿಮ್ಮಿತು. ವಿನ್ನಮ್ಮ ಚಪ್ಪಾಳೆ ತಟ್ಟಿ, ಬೂಟು ಕಳಚಿ, ಎದುರಿಗೆ ಕೂತು ಗುಂಡಿನ ಆಚೆ ಬದಿಗೆ ಕೈಹಾಕಿದಳು. ಅವಳು ಒಂದು ಎಳೆದರೆ ನಾನು ಒಂದು. ಅವ್ವ ತೌಡು ಉಣಿಸುತ್ತಿದ್ದಳು. ಬೀದಿಯ ಹೆಂಗಸರು ಒಬ್ಬೊಬ್ಬರೇ ಎದ್ದು ಹತ್ತಿರ ಬಂದರು. ಠರಾವು ಮುರಿದು ಕೈ ಹಚ್ಚಿದರು. ಯಾರೋ ಬೀಸುವಾಗಿನ ರಾಗ ತೆಗೆದರು. ಗರಗರ ಹೋಗಿ ಸರಸರ ಆಯಿತು. ಸರಸರ ಹೋಗಿ ಬರೀ ಒಂದು ಸುಯ್ಯೆನ್ನುವ ಸದ್ದು. ಗುಂಡು ನನ್ನ ಕೈಯೊಳಗೆ ಬೆಣ್ಣೆಯ ಮುದ್ದೆಯ ಹಾಗೆ ತಿರುಗಿತು.

ಆಮೇಲೆ ನನ್ನ ಕೈಗೆ ಭಾರ ತಿಳಿಯದಾಯಿತು.

ಒರಳು ಗುಂಡಿನ ಸಮೇತ ಎದ್ದಿತು. ತಬ್ಬಿಕೊಂಡಿದ್ದ ಅಧ್ಯಕ್ಷರ ಸಮೇತ ಎದ್ದಿತು. ಅವರ ಚಪ್ಪಲಿ ಒಂದೊಂದಾಗಿ ಕೆಳಗೆ ಬಿದ್ದವು. ಹಗ್ಗ ಬಿಗಿಯಾಗುವ ತನಕ ಏರಿ, ಹುಣಸೆಮರದ ತುದಿಯ ಸಮಕ್ಕೆ ನಿಂತು, ಗಾಳಿಗೆ ಅತ್ತಿಂದಿತ್ತ ತೂಗತೊಡಗಿತು.

“ಸತ್ತೆ! ಮೂಲದೋಳು ನನ್ನ ಜೀವ ತೆಗೀತಾಳೆ! ಉಂಗುರ ಹಾಕೋ ಮುಂಚೇನೇ ತೆಗೀತಾಳೆ!”

“ಅಪ್ಪಾ, ಮ್ಯಾಲೆ ಗಾಳಿ ಹೆಂಗೈತೆ?” ಎಂದು ಓಂಕಾರ ಕೆಳಗಿಂದ ಕೂಗಿದ. ಇಂಥ ಖುಷಿಯನ್ನು ನಾನು ಅವನ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

“ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಕತ್ತೆ! ಇಳಿಸೋ! ನಾಗವ್ವಾ, ಮಗಾ, ಇಳಿಸವ್ವ! ಏನು ಬೇಕಾದ್ರೂ ಕೇಳು, ಕೊಡ್ತೀನಿ!”

ಊರೆಲ್ಲ ನನ್ನ ಕಡೆ ನೋಡಿತು. ತೌಡು ಮೆತ್ತಿದ ಕೈ, ಕಳಚಿದ ಹೂವು, ಮೂಗಿನ ತುದಿಯಲ್ಲಿ ಬೆವರು. ಗಂಟಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತದ್ದು ಎದ್ದು ನಿಂತಿತು. ಕತ್ತೆತ್ತಿ, ಮೇಲಿನವರೆಗೂ ಕೇಳುವಂತೆ ಹೇಳಿದೆ: “ಈ ಮದುವೆ ನಾನು ವಲ್ಲೆ. ನಿಮ್ಮನ್ನ ಮಾವ ಅನ್ನಾಕೆ ನಾನು ವಲ್ಲೆ.”

ಮೇಲಿಂದ ಬಂದ ದನಿಯಲ್ಲಿ ಅಳು, ನಗು ಎರಡೂ ಕೂಡಿತ್ತು. “ಅಯ್ಯೋ ನನ್ನ ತಾಯೀ! ನಾನೂ ದಿನಾ ದೇವರ ಮುಂದೆ ಅದನ್ನೇ ಬೇಡಿಕೊಂತಿದ್ದೆ ಕಣೇ! ಬ್ಯಾಡ! ನನಗೂ ಬ್ಯಾಡ!”

ಹೆಂಗಸರು, ಗಂಡಸರು, ವಿನ್ನಮ್ಮ ಎಲ್ಲ ಸೇರಿ ಹಗ್ಗ ಎಳೆದು ಅವರನ್ನು ಕೆಳಗೆ ತಂದರು. ನೆಲ ಸಿಕ್ಕ ಕೂಡಲೇ ಅವರು ಮಾಡಿದ ಮೊದಲ ಕೆಲಸ ನನಗೆ ಕೈಮುಗಿದದ್ದು. ಎರಡನೆಯದು ಠರಾವನ್ನು ರದ್ದು ಮಾಡಿದ್ದು. ಮೂಲ ಅಂದರೆ ಏನೆಂದು ನಾನು ಮೈಕಿನಲ್ಲೇ ವಿವರಿಸಿದೆ. ಸಿದ್ಧಲಿಂಗಣ್ಣ ಎದ್ದು, “ಅಂದ್ರೆ ನನ್ನದು ಯಾವ ಲೆಕ್ಕಕ್ಕೂ ಬರಲ್ಲ ಅಂತಾತು” ಎಂದು ಬಹಳ ಬೇಜಾರು ಮಾಡಿಕೊಂಡ. ಸಣ್ಣೀರಮ್ಮ ಮಾತ್ರ ಸೋಲಲಿಲ್ಲ. “ನಾನು ಹೇಳಿದ್ದೂ ಅದೇ. ಹೆಣ್ಣು ಗಂಡು ಹೊಂದಿಕೊಂಡ ಮ್ಯಾಲೆ ಎದ್ದಿಲ್ವಾ?” ಎಂದಳು.

ಸಂಜೆಯ ಹೊತ್ತಿಗೆ ಬೀದಿಗಳ ತುಂಬ ಪಳಗಿಸುವ ಸದ್ದು. ಲಾರಿಯ ಮೇಲೆ ಒರಳು ಹೇರಲಿಲ್ಲ, ಒರಳುಗಳಿಗೇ ಲಾರಿಯನ್ನು ಕಟ್ಟಿದರು. ಅದು ಡೀಸೆಲ್ಲಿನ ಹಂಗಿಲ್ಲದೆ, ಟೈರಿನ ತುದಿ ಮಾತ್ರ ನೆಲಕ್ಕೆ ತಾಗಿಸಿಕೊಂಡು, ಮೊದಲ ಸಲ ಶಾಲೆಗೆ ಹೋಗುವ ಮಗುವಿನಂತೆ ಕುಣಿಯುತ್ತ ಬಂದರಿನ ದಾರಿ ಹಿಡಿಯಿತು. ವಿನ್ನಮ್ಮ ಡ್ರೈವರಿನ ಪಕ್ಕ ಕೂತು, ಟಾ ಟಾ ಎಂದು ಕೈಬೀಸಿದಳು.

ನಾನೂ ಅವ್ವನೂ ಮನೆಯ ದಾರಿ ಹಿಡಿದೆವು. ಮಂಡಕ್ಕಿ ಅಂಗಡಿಯವನು, “ಬಾರವ್ವ, ಒಂದು ಹಿಡಿ ತಿನ್ನು” ಎಂದ. “ವಲ್ಲೆ” ಎಂದೆ. ಹೂವಾಡಗಿತ್ತಿ, “ಮಲ್ಲಿಗೆ ಐತೆ, ತಗಾ” ಎಂದಳು. “ವಲ್ಲೆ.” ಪಕ್ಕದ ಮನೆಯವರು ಒಳಗೆ ಬಾ ಎಂದರು. “ವಲ್ಲೆ!” ಒಂದೊಂದು ಸಲ ಅಂದಾಗಲೂ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟಂತಾಗುತ್ತಿತ್ತು, ಯಾರೂ ಸಾಯಲಿಲ್ಲ, ಯಾರೂ ಅಳಲಿಲ್ಲ, ಮಂಡಕ್ಕಿ ಅಂಗಡಿ ಅಲ್ಲೇ ಇತ್ತು. ಅವ್ವ ವಾರೆಗಣ್ಣಲ್ಲಿ ನೋಡುತ್ತ ನಡೆಯುತ್ತಿದ್ದಳು. ಮನೆಗೆ ಬಂದು ಕಾಲು ತೊಳೆದು, “ಚಾ ಇಡ್ಲಾ?” ಎಂದಳು.

“ವಲ್ಲೆ.”

ಅವ್ವ ತನಗೊಂದೇ ಲೋಟ ಚಾ ಮಾಡಿಕೊಂಡು ಹೊಸಿಲ ಮೇಲೆ ಕೂತು ಸೊರ್ರೆಂದು ಹೀರಿದಳು. ಶುಂಠಿಯ ವಾಸನೆ ಬಂತು. ನಾನು ಕಂಬಕ್ಕೆ ಒರಗಿ, ಅತ್ತ ನೋಡದ ಹಾಗೆ ಕೂತಿದ್ದೆ. ಇನ್ನೊಂದು ಸಲ ಹೀರಿದಳು. ಬೇಕಂತಲೇ ಸದ್ದು ಮಾಡುತ್ತಿದ್ದಳು.

“ಅವ್ವಾ.”

“ಏನು?”

“ಬೇಕು.”

“ಏನಂದೆ? ಕೇಳಲಿಲ್ಲ.”

“ಬೇಕು!” ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ತಮ್ಮನ್ನೇ ಕರೆದರೆಂದು ತಿರುಗಿ ನೋಡಿದರು.